ಹುಷಾರಾದ ಮೇಲೆ ಕೆಲಸವೋ, ಕೆಲಸ ಮಾಡುತ್ತಲೇ ಹುಷಾರಾಗುವುದೋ: ತೀವ್ರ ಮಾನಸಿಕ ಕಾಯಿಲೆ ಇರುವವರ ಮುಂದಿರುವ ಉದ್ಯೋಗದ ದಾರಿಗಳು

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬಂದು ಕೂರುವ ಕೋಣೆಯ ಹೊರಗೆ ಒಂದು ಬೆಳಿಗ್ಗೆ ಕಳೆದರೆ ಸಾಕು, ಒಂದೇ ಪ್ರಶ್ನೆ ನಾಲ್ಕಾರು ಬಾರಿ ಕಿವಿಗೆ ಬೀಳುತ್ತದೆ. ನಿದ್ದೆ, ಊಟ, ಮಾತ್ರೆಯ ವಿಚಾರವೆಲ್ಲ ಮುಗಿದು ಚೀಟಿ ಕೈಗೆ ಬಂದ ಮೇಲೆ, ಬಾಗಿಲ ಬಳಿ ತಿರುಗಿ ನಿಂತು ತಾಯಿಯೋ ಹೆಂಡತಿಯೋ ಕೇಳುತ್ತಾರೆ: "ಇವನನ್ನ ಕೆಲಸಕ್ಕೆ ಕಳಿಸ್ಬೋದಾ ಸಾರ್?" ಸರದಿಯಲ್ಲಿ ಇನ್ನೂ ಹತ್ತಾರು ಜನ ಕಾದಿರುವಾಗ ವೈದ್ಯರು ಕೊಡಬಹುದಾದ ಉತ್ತರವೂ ಚಿಕ್ಕದೇ: "ಪೂರ್ತಿ ಹುಷಾರಾಗಲಿ, ನೋಡೋಣ." ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ಗೊತ್ತಾದ ಮೇಲೆ ನಾವು ಈ ಉತ್ತರವನ್ನು ನಂಬಿಕೊಂಡು ನಾಲ್ಕು ವರ್ಷ ಕಾದೆವು. ಅಷ್ಟರಲ್ಲಿ ಅವನಿಗೆ ಕೇಳಿಸುತ್ತಿದ್ದ ದನಿಗಳು ಬಹುಮಟ್ಟಿಗೆ ಅಡಗಿದ್ದವು. ಆದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೆ ಅವನಿಗೆ ಯಾವ ಕಾರಣವೂ ಉಳಿದಿರಲಿಲ್ಲ.

ಆಮೇಲೆ ಅವನಿಗಾಗಿ ಅಲೆದಾಡಿದ ವರ್ಷಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಇಂಥದೇ ಹಲವು ಮನೆಗಳವರ ಪರಿಚಯವಾಯಿತು. ಅವರ ಮುಂದೆ ಇರುವ ದಾರಿಗಳು ಹೆಚ್ಚುಕಡಿಮೆ ಒಂದೇ: ತರಬೇತಿ ಅಥವಾ ಹಗಲು ಕೇಂದ್ರ, ಮನೆಯ ಜಮೀನು ಮತ್ತು ಹಸು, ಕೂಲಿ, ಕಾರ್ಖಾನೆ, ಸ್ವಂತ ಅಂಗಡಿ, ಮೀಸಲಾತಿಯ ಸರ್ಕಾರಿ ಹುದ್ದೆ. ಇವುಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ. ತೀವ್ರ ಮಾನಸಿಕ ಕಾಯಿಲೆ ಎಂದು ನಾನು ಹೇಳುತ್ತಿರುವುದು ಸ್ಕಿಜೋಫ್ರೇನಿಯಾ, ಬೈಪೋಲಾರ್ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ) ಮತ್ತು ಮತ್ತೆ ಮತ್ತೆ ಮರುಕಳಿಸುವ ತೀವ್ರ ಖಿನ್ನತೆಯನ್ನು. ಪ್ರತಿಯೊಂದು ದಾರಿಯನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ಆ ವ್ಯಕ್ತಿಯ ಜೊತೆ ಯಾರಿರುತ್ತಾರೆ? ಸಂಬಳ ಎಷ್ಟು, ಕೆಲಸ ಯಾವ ದರ್ಜೆಯದು ಎಂಬುದಕ್ಕಿಂತ ಈ ಪ್ರಶ್ನೆಯ ಉತ್ತರವೇ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದನ್ನು ಕಂಡಿದ್ದೇನೆ.

ಮೊದಲು ತರಬೇತಿಯೋ, ಮೊದಲು ಕೆಲಸವೋ

ಹಳೆಯ ಕ್ರಮವೆಂದರೆ ಮೊದಲು ಕಲಿಸಿ ಆಮೇಲೆ ಕಳಿಸುವುದು. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮುದ್ರಣ, ಹೊಲಿಗೆ ಮುಂತಾದ ಕೆಲಸಗಳನ್ನು ಬಹುಕಾಲದಿಂದ ಕಲಿಸುತ್ತಾ ಬಂದಿದ್ದಾರೆ. ಮಾನಸಧಾರ ಎಂಬ ಹೆಸರಿನಲ್ಲಿ ಸರ್ಕಾರದ ನೆರವಿನಿಂದ ಸಂಸ್ಥೆಗಳು ನಡೆಸುವ ಹಗಲು ಕೇಂದ್ರಗಳ ಉದ್ದೇಶವೂ ಇದೇ. ಇವುಗಳ ಬಗ್ಗೆ ನನಗೆ ಗೌರವವಿದೆ. ವರ್ಷಗಟ್ಟಲೆ ಕೋಣೆಯೊಳಗೇ ಉಳಿದವರು, ಹಗಲು ಮಲಗಿ ರಾತ್ರಿ ಎದ್ದಿರುವವರು, ನಾಲ್ಕು ಜನರ ನಡುವೆ ಕೂರಲು ಹೆದರುವವರು ಬೆಳಿಗ್ಗೆ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊತ್ತಿಗೆ ಸರಿಯಾಗಿ ಹೊರಡುವುದನ್ನು ಮತ್ತೆ ರೂಢಿಸಿಕೊಳ್ಳಲು ಇಂಥ ಜಾಗ ಬೇಕು.

ತೊಂದರೆ ಎಲ್ಲಿ ಬರುತ್ತದೆಂದರೆ, ಅಲ್ಲಿಂದ ಮುಂದಿನ ಹೆಜ್ಜೆ ಯಾವಾಗ ಎಂದು ಯಾರೂ ಹೇಳುವುದಿಲ್ಲ. ಮೇಣದಬತ್ತಿ, ಕಾಗದದ ಕವರು ಮಾಡುತ್ತಾ ವರ್ಷಗಳು ಉರುಳುತ್ತವೆ, ವ್ಯಕ್ತಿ "ತರಬೇತಿಯಲ್ಲಿದ್ದಾನೆ" ಎಂಬ ಸಮಾಧಾನ ಮನೆಯವರಿಗೆ ಸಿಗುತ್ತದೆ, ಆದರೆ ಕವರು ಮಾಡುವುದರಲ್ಲಿ ಬಂದ ಕೈಚಳಕ ಹೊರಗಿನ ಕೆಲಸದ ಗದ್ದಲಕ್ಕೆ, ಮೇಲ್ವಿಚಾರಕನ ಗಡಸು ಮಾತಿಗೆ, ಬಸ್ಸಿನ ನೂಕುನುಗ್ಗಲಿಗೆ ಅವನನ್ನು ಸಿದ್ಧಗೊಳಿಸುವುದಿಲ್ಲ. ಜೊತೆಗೆ, ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಂದ ಬೆಂಗಳೂರು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರವಿದ್ದು, ದಿನವೂ ಹೋಗಿ ಬರುವುದು ಆರೋಗ್ಯವಂತರಿಗೇ ದಣಿವಿನ ಕೆಲಸ.

ಇದಕ್ಕೆ ಎದುರಾದ ಕ್ರಮವೊಂದನ್ನು ಅಮೆರಿಕದಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ 1990ರ ದಶಕದಲ್ಲಿ ರೂಪಿಸಿದರು. ಅದರ ತಿರುಳು ಸರಳವಾದದ್ದು: ಕೆಲಸ ಮಾಡಬೇಕೆಂಬ ಇಚ್ಛೆ ಇದ್ದರೆ ಅದೇ ಅರ್ಹತೆ, ಕಾಯಿಲೆ ಎಷ್ಟು ತೀವ್ರ, ಆಸ್ಪತ್ರೆಗೆ ಎಷ್ಟು ಸಲ ಸೇರಿದ್ದರು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು. ದೀರ್ಘ ತರಬೇತಿಗೆ ಕಾಯದೆ, ವ್ಯಕ್ತಿಗೆ ಇಷ್ಟವಾದ ನಿಜವಾದ ಸಂಬಳದ ಕೆಲಸವನ್ನು ಕೂಡಲೇ ಹುಡುಕಲು ತೊಡಗಬೇಕು. ಕೆಲಸ ಹುಡುಕಿಕೊಡುವವರು ಚಿಕಿತ್ಸೆ ಕೊಡುವವರ ತಂಡದಲ್ಲೇ ಇರಬೇಕು. ಕೆಲಸ ಸಿಕ್ಕ ಮೇಲೂ ಬೇಕಾದಷ್ಟು ಕಾಲ ಜೊತೆಗಿರಬೇಕು. ಯುರೋಪಿನ ಆರು ನಗರಗಳಲ್ಲಿ 312 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಕ್ರಮದ ನೆರವು ಪಡೆದವರಲ್ಲಿ ಶೇ 55ರಷ್ಟು ಮಂದಿ ಹದಿನೆಂಟು ತಿಂಗಳ ಅವಧಿಯಲ್ಲಿ ಒಂದು ದಿನವಾದರೂ ಹೊರಗಿನ ಸಂಬಳದ ಕೆಲಸ ಮಾಡಿದ್ದರು. ಮೊದಲು ತರಬೇತಿ ಕೊಡುವ ಸೇವೆಗೆ ಸೇರಿದವರಲ್ಲಿ ಈ ಪ್ರಮಾಣ ಶೇ 28 ಮಾತ್ರ. ಕೆಲಸದ ಒತ್ತಡದಿಂದ ಕಾಯಿಲೆ ಕೆರಳುತ್ತದೆ ಎಂದು ಹೆದರುವವರು ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಕೆಲಸಕ್ಕೆ ನೇರವಾಗಿ ಹೋದ ಗುಂಪಿನವರು ಮತ್ತೆ ಆಸ್ಪತ್ರೆಗೆ ದಾಖಲಾದದ್ದು ಹೆಚ್ಚಲ್ಲ, ಕಡಿಮೆಯೇ.

ಹಾಗಾಗಿ ನನ್ನ ಒಲವು ಸ್ಪಷ್ಟವಾಗಿ ಎರಡನೆಯ ಕ್ರಮದ ಕಡೆಗಿದೆ. ಆದರೆ ಆ ದೇಶಗಳಲ್ಲಿ ಕೇವಲ ಇದಕ್ಕೆಂದೇ ನೇಮಕವಾದವರು, ಒಬ್ಬೊಬ್ಬರು ಸುಮಾರು ಇಪ್ಪತ್ತು ಜನರನ್ನು ನೋಡಿಕೊಳ್ಳುವವರು ಇರುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಅಂಥವರನ್ನು ನಾನು ಕಂಡಿಲ್ಲ. ಇಲ್ಲಿ ಆ ಒಬ್ಬರ ಜಾಗವನ್ನು ಮೂವರಿಂದ ತುಂಬಿಸಿಕೊಳ್ಳಬೇಕಾಗುತ್ತದೆ. ಮೊದಲನೆಯವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತರು ಅಥವಾ ಶುಶ್ರೂಷಕಿ. ಎರಡನೆಯವರು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು. ಎಲ್ಲರೂ ಇವರನ್ನು ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ, ತಾಲ್ಲೂಕು ಮಟ್ಟದಲ್ಲಿ ಇವರ ಮೇಲೆ ಎಂ.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಇವರಲ್ಲಿ ಅನೇಕರು ಸ್ವತಃ ವಿಕಲಚೇತನರಾಗಿದ್ದು, ಕೆಲಸ ಸಿಗದಿರುವುದರ ಕಷ್ಟವನ್ನು ಬಲ್ಲವರು. ಮೂರನೆಯವರು ಮನೆಯವರಲ್ಲಿ ಒಬ್ಬರು, ಒಬ್ಬರೇ. ಮನೆಯಲ್ಲಿ ಆರು ಜನ ಆರು ಬಗೆಯಲ್ಲಿ ಬುದ್ಧಿ ಹೇಳಿದರೆ ಆಗುವ ಗೊಂದಲ ಕಾಯಿಲೆಯ ಗೊಂದಲಕ್ಕಿಂತ ಕಡಿಮೆಯದಲ್ಲ.

ಹೊರಗೆ ಕಾಲಿಡಲೇ ಆಗದ ಸ್ಥಿತಿಯಲ್ಲಿದ್ದರೆ ಮೊದಲು ಹಗಲು ಕೇಂದ್ರ, ಆದರೆ ಸೇರಿಸುವ ದಿನವೇ ಎರಡು ಮೂರು ತಿಂಗಳ ಗಡುವು ಹಾಕಿಕೊಳ್ಳಿ. ಹೊತ್ತಿಗೆ ಏಳುತ್ತಾನೆ, ತನ್ನ ಬಟ್ಟೆಬರೆ ತಾನು ನೋಡಿಕೊಳ್ಳುತ್ತಾನೆ, "ಏನಾದ್ರೂ ಮಾಡ್ಬೇಕು" ಎಂದು ಬಾಯಿಬಿಟ್ಟು ಹೇಳುತ್ತಾನೆ ಎಂದಾದರೆ ತರಬೇತಿಗೆ ಕಾಯುವ ಅಗತ್ಯವಿಲ್ಲ.

ಮನೆಯ ಜಮೀನು, ಹಸು, ರೇಷ್ಮೆ

ನಮ್ಮ ಕಡೆ ಹೆಚ್ಚಿನವರು ಮೊದಲು ಹಿಡಿಯುವ ದಾರಿ ಇದು. ತೀರ್ಥಹಳ್ಳಿಯಲ್ಲೂ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲೂ ನಿಮ್ಹಾನ್ಸ್ ತಂಡದವರು ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರಿನಲ್ಲೇ ಗುರುತಿಸಿ, ಚಿಕಿತ್ಸೆಗೆ ಹಚ್ಚಿ, ವರ್ಷಗಳ ಕಾಲ ಬೆನ್ನುಹತ್ತಿ ನೋಡಿದ್ದಾರೆ. ಚಿಕಿತ್ಸೆ ಪಡೆದವರಲ್ಲಿ ವೈಕಲ್ಯ ಕಡಿಮೆ ಇರುವುದು ತೀರ್ಥಹಳ್ಳಿಯ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಳ್ಳಿಯ ದುಡಿಮೆಯಲ್ಲಿ ಒಂದು ಅನುಕೂಲವಿದೆ: ಸಂದರ್ಶನವಿಲ್ಲ, ಗಡಿಯಾರ ಒತ್ತುವ ಯಂತ್ರವಿಲ್ಲ, ಕೈಲಾಗದ ದಿನ ಅರ್ಧಕ್ಕೆ ಬಿಟ್ಟು ನೆರಳಿಗೆ ಬಂದು ಕೂರಬಹುದು.

ಆದರೆ ಎಲ್ಲ ಕೃಷಿ ಕೆಲಸವೂ ಒಂದೇ ಅಲ್ಲ. ಹಸು ಸಾಕುವುದು ಬಹಳ ಮಂದಿಗೆ ಒಗ್ಗುತ್ತದೆ, ಏಕೆಂದರೆ ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು ಬದಲಾಗುವುದಿಲ್ಲ, ದಿನಕ್ಕೆ ಒಂದು ಚೌಕಟ್ಟು ಸಿಗುತ್ತದೆ, ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ನಾಲ್ಕು ಜನರ ಜೊತೆ ನಾಲ್ಕು ಮಾತೂ ಆಗುತ್ತದೆ. ರೇಷ್ಮೆ ಹಾಗಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ: ಕೊನೆಯ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿರುವುದಿಲ್ಲ, ರಾತ್ರಿ ಎದ್ದು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಮನೆಮಂದಿಯೆಲ್ಲ ಕಣ್ಣು ಮುಚ್ಚುವುದಿಲ್ಲ. ಬೈಪೋಲಾರ್ ಇರುವವರಿಗೆ ನಿದ್ದೆಗೆಡುವುದೇ ಉನ್ಮಾದಕ್ಕೆ ದಾರಿಯಾಗಬಹುದು. ಅವರಿಗೆ ಹಿಪ್ಪುನೇರಳೆ ತೋಟದ ಹಗಲು ಕೆಲಸ ಕೊಡಿ, ಹುಳುಮನೆಯ ರಾತ್ರಿ ಪಾಳಿ ಬೇಡ.

ಮನೆಗೆಲಸದ ದೊಡ್ಡ ದೋಷ ದುಡ್ಡಿನಲ್ಲಿದೆ. ಅಣ್ಣನ ಜಮೀನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ತಮ್ಮನಿಗೆ "ಅವನಿಗೇನು ಖರ್ಚಿದೆ, ಊಟ ಬಟ್ಟೆ ನಾವೇ ನೋಡ್ಕೊಳ್ತೀವಲ್ಲ" ಎಂದು ಒಂದು ರೂಪಾಯಿಯನ್ನೂ ಕೊಡದ ಮನೆಗಳನ್ನು ನೋಡಿದ್ದೇನೆ. ಅದು ಕೆಲಸವಲ್ಲ, ಜೀತ. ಈ ದಾರಿಯನ್ನು ಆರಿಸಿಕೊಳ್ಳುವುದಾದರೆ ಡೇರಿಯ ಬಟವಾಡೆಯಲ್ಲಿ ಅಥವಾ ಗೂಡು ಮಾರಿದ ಹಣದಲ್ಲಿ ಅವನ ಪಾಲು ಇಂತಿಷ್ಟು ಎಂದು ಮೊದಲೇ ಮಾತಾಗಬೇಕು, ಅದು ಅವನ ಹೆಸರಿನ ಖಾತೆಗೆ ಹೋಗಬೇಕು, ಅದನ್ನು ಹೇಗೆ ಖರ್ಚು ಮಾಡುತ್ತಾನೆಂದು ಯಾರೂ ಅವನ ಹಿಂದೆ ಬೀಳಬಾರದು.

ಕೂಲಿ ಮತ್ತು ಉದ್ಯೋಗ ಖಾತ್ರಿ

ಬಿಡಿ ಕೂಲಿಯಲ್ಲಿ ಅಂದಿನ ದುಡ್ಡು ಅಂದೇ ಸಿಗುತ್ತದೆ, ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಆದರೆ ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಅನಿಶ್ಚಿತತೆ ಕಾಯಿಲೆ ಇರುವವರನ್ನು ಹೆಚ್ಚು ಕಾಡುತ್ತದೆ, ಮತ್ತು ಸಂಜೆ ಮಡಿಸಿದ ನೋಟಿನ ಜೊತೆ ಹೆಂಡದ ಅಂಗಡಿಯ ಕಡೆ ಕರೆಯುವ ಜೊತೆಗಾರರೂ ಸಿಗುತ್ತಾರೆ. ಪಂಚಾಯ್ತಿಯ ಉದ್ಯೋಗ ಖಾತ್ರಿ ಕಾಮಗಾರಿ ಇದಕ್ಕಿಂತ ಮೇಲು. ಊರಿನವರದೇ ಗುಂಪು, ಹಾಜರಿ ಹಾಕುವ ಕಾಯಕ ಬಂಧು ಗೊತ್ತಿರುವವರೇ, ಹಣ ಖಾತೆಗೆ. ನರೇಗಾ ಕಾಮಗಾರಿಗಳಲ್ಲಿ ವಿಕಲಚೇತನರಿಗೆ ಕೆಲಸದ ಅಳತೆಯಲ್ಲಿ ಅರ್ಧದಷ್ಟು ರಿಯಾಯಿತಿ ಕೊಡುವ ಪದ್ಧತಿ ಕರ್ನಾಟಕದಲ್ಲಿ ನಡೆದುಬಂದಿದ್ದು, ಮಾನಸಿಕ ಕಾಯಿಲೆಯ ಪ್ರಮಾಣಪತ್ರ ಇರುವವರೂ ಅದನ್ನು ಕೇಳಬಹುದು. ಹೆಚ್ಚಿನವರು ಕೇಳುವುದೇ ಇಲ್ಲ. ವರ್ಷವಿಡೀ ಸಿಗುವ ಕೆಲಸವಲ್ಲವಾದ್ದರಿಂದ ಇದನ್ನು ಆರಂಭದ ಮೆಟ್ಟಿಲೆಂದು ತಿಳಿಯುವುದು ಸರಿ.

ಬಿಸಿಲಿನ ಬಗ್ಗೆ ಒಂದು ಮಾತು. ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ಬೆವರಿನಿಂದ ನೀರು ಕಡಿಮೆಯಾದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಕಂಡರೆ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಔಷಧಗಳೂ ಮೈ ತನ್ನ ಕಾವನ್ನು ತಾನೇ ಇಳಿಸಿಕೊಳ್ಳುವ ಶಕ್ತಿಯನ್ನು ತಗ್ಗಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರೊಳಗೆ ಮುಗಿಯುವ ಕೆಲಸವನ್ನೇ ನೋಡಿ.

ಕಾರ್ಖಾನೆ

ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಗಳು ಬಂದ ಮೇಲೆ ಹಳ್ಳಿಯ ಹುಡುಗ ಹುಡುಗಿಯರಿಗೆ ಕಾರ್ಖಾನೆಯ ಕೆಲಸ ಕೈಗೆಟಕುವಂತಾಗಿದೆ. ನನ್ನ ತಮ್ಮನ ಮೊದಲ ಕೆಲಸವೂ ಅಂಥದೇ ಒಂದು ಕಾರ್ಖಾನೆಯಲ್ಲಿತ್ತು. ಗುತ್ತಿಗೆದಾರರ ಮೂಲಕ ಸೇರಿದ. ಕಾಯಿಲೆಯ ವಿಷಯವನ್ನು ನಾವು ಯಾರಿಗೂ ಹೇಳಲಿಲ್ಲ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ರಾತ್ರಿ ಮಲಗುವ ಮುಂಚೆ ನುಂಗಬೇಕಾದ ಮಾತ್ರೆಯನ್ನು ರಾತ್ರಿ ಪಾಳಿಯಲ್ಲಿ ನುಂಗಿದರೆ ಯಂತ್ರದ ಮುಂದೆ ತೂಕಡಿಕೆ, ಬೈಗುಳ. ಬೈಗುಳ ತಪ್ಪಿಸಿಕೊಳ್ಳಲು ಅವನು ಮಾತ್ರೆ ಬಿಟ್ಟ. ಊಟದ ಡಬ್ಬಿಯ ತಳದಲ್ಲಿ, ಉಪ್ಪಿನಕಾಯಿಯ ಕಾಗದದ ಕೆಳಗೆ ಹನ್ನೊಂದು ಮಾತ್ರೆಗಳು ಒದ್ದೆಯಾಗಿ ಅಂಟಿಕೊಂಡಿದ್ದುದನ್ನು ಅಮ್ಮ ಕಂಡಾಗ ಆರನೆಯ ವಾರ. ಎಂಟನೆಯ ವಾರ ಅವನು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ. ಯಾಕೆ ಬರಲಿಲ್ಲವೆಂದು ಕಾರ್ಖಾನೆಯಿಂದ ಯಾರೂ ಕೇಳಲಿಲ್ಲ; ಗುತ್ತಿಗೆದಾರರು ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳಿಸಿದರು. ತಪ್ಪು ಅವರದಷ್ಟೇ ಅಲ್ಲ, ನಮ್ಮದೂ ಹೌದು: ಪಾಳಿಯ ವಿಷಯವನ್ನು ವೈದ್ಯರಿಗೆ ಒಂದು ಮಾತು ಹೇಳಿದ್ದರೆ ಮಾತ್ರೆಯ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಬಹುದಿತ್ತು.

ಇಷ್ಟಾದರೂ ಕಾರ್ಖಾನೆಯ ಕೆಲಸವನ್ನು ನಾನು ಬೇಡವೆನ್ನುವುದಿಲ್ಲ, ಅದಕ್ಕೆ ಮುಖ್ಯ ಕಾರಣ ಇ.ಎಸ್.ಐ. ಸಂಬಳದಿಂದ ಶೇ 0.75ರಷ್ಟು ಕಡಿತವಾಗುವ ಈ ವಿಮೆಯಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಹಣ ಬರುತ್ತದೆ ಎಂಬುದು ಹಲವರಿಗೆ ಗೊತ್ತು. ಗೊತ್ತಿಲ್ಲದಿರುವುದು ಇದು: ದೀರ್ಘಕಾಲದ 34 ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳೂ ಇವೆ, ಮತ್ತು ಅವುಗಳಿಗೆ ಶೇ 80ರ ದರದಲ್ಲಿ ಎರಡು ವರ್ಷಗಳವರೆಗೆ ಹಣ ಸಿಗುವ ಅವಕಾಶವಿದೆ. ಎರಡು ವರ್ಷ ಸತತವಾಗಿ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 156 ದಿನಗಳ ವಂತಿಗೆ ಕಟ್ಟಿರಬೇಕು ಎಂಬುದು ಷರತ್ತು. ಸಾಮಾನ್ಯ ನೌಕರರಿಗೆ ತಿಂಗಳ ಸಂಬಳ 21,000 ರೂಪಾಯಿ ಮೀರಿದರೆ ಇ.ಎಸ್.ಐ. ಇಲ್ಲ; ವಿಕಲಚೇತನರಿಗೆ ಈ ಮಿತಿ 25,000. ಕೂಲಿಯಲ್ಲಿ, ಅಂಗಡಿಯಲ್ಲಿ, ಜಮೀನಿನಲ್ಲಿ ಈ ಆಸರೆ ಇಲ್ಲವೇ ಇಲ್ಲ. ಆದ್ದರಿಂದ ಕಾರ್ಖಾನೆಗಳ ನಡುವೆ ಆಯ್ಕೆ ಮಾಡುವಾಗ ಸಂಬಳದಲ್ಲಿ ಒಂದೆರಡು ಸಾವಿರ ಕಡಿಮೆಯಾದರೂ ಇ.ಎಸ್.ಐ. ಕಡಿತವಿರುವ, ಹಗಲು ಪಾಳಿಯೇ ಇರುವ ಕಡೆಗೆ ಹೋಗಿ. ಗಾರ್ಮೆಂಟ್ಸ್‌ನಲ್ಲಿ ಸಾಮಾನ್ಯವಾಗಿ ಹಗಲು ಕೆಲಸವೇ ಇರುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಪ್ರಯಾಣವೂ ಉಚಿತವಾಗಿರುವುದರಿಂದ ಪಕ್ಕದ ತಾಲ್ಲೂಕಿನ ಕೆಲಸವೂ ದೂರವಲ್ಲ. ಆದರೆ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ ಅಲ್ಲಿ ಬಲು ಬಿಗಿ. ಔಷಧದಿಂದ ಕೈ ನಿಧಾನವಾಗಿರುವವರು ಹೊಲಿಗೆಯ ಸಾಲಿಗಿಂತ ದಾರ ಕತ್ತರಿಸುವ, ಮಡಚುವ, ಪ್ಯಾಕ್ ಮಾಡುವ ಕೆಲಸದಲ್ಲಿ ಹೆಚ್ಚು ದಿನ ನಿಲ್ಲುತ್ತಾರೆ.

ಹೇಳಬೇಕೋ, ಬೇಡವೋ

ಯಾವ ದಾರಿ ಹಿಡಿದರೂ ಎದುರಾಗುವ ಪ್ರಶ್ನೆ ಇದು, ಮತ್ತು ಇದರಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ಹೇಳಲೇಬೇಕೆಂದು ಒತ್ತಾಯಿಸುವ ಹಕ್ಕು ಮನೆಯವರಿಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕೆಂಬುದನ್ನು ವ್ಯಕ್ತಿಯ ಹಕ್ಕನ್ನಾಗಿ ಮಾಡಿದೆ. ಆದ್ದರಿಂದ ತೀರ್ಮಾನ ಅವನದು ಅಥವಾ ಅವಳದು. ಹೇಳದಿದ್ದರೆ "ಮೆಂಟಲ್" ಎಂಬ ಪಿಸುಮಾತು ತಪ್ಪುತ್ತದೆ. ಆದರೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ರಜೆಗೆ ಪ್ರತಿಸಲವೂ ಸುಳ್ಳು ಹುಡುಕಬೇಕು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಎಂಬ ಔಷಧ ಆರಂಭಿಸಿದವರಿಗೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಇರುತ್ತದೆ, ಅಷ್ಟು ಸುಳ್ಳುಗಳನ್ನು ಯಾರೂ ಹೊರಲಾರರು.

ಹೇಳುವುದಾದರೆ ಯಾರಿಗೆ, ಎಷ್ಟು ಎಂಬುದು ಮುಖ್ಯ. ಎಲ್ಲರಿಗೂ ಹೇಳಬೇಕಾಗಿಲ್ಲ, ರಜೆ ಕೊಡುವ, ಕೆಲಸ ಹಂಚುವ ಒಬ್ಬರಿಗೆ ಸಾಕು. ಕಾಯಿಲೆಯ ಹೆಸರಿಗಿಂತ ಬೇಕಾದ ಅನುಕೂಲವನ್ನು ಹೇಳುವುದು ಹೆಚ್ಚು ಫಲ ಕೊಡುತ್ತದೆ: "ನನಗೆ ನರದ ಡಾಕ್ಟರ ಹತ್ತಿರ ಮಾತ್ರೆ ನಡೀತಿದೆ, ಬೆಳಿಗ್ಗೆ ಸ್ವಲ್ಪ ಮಂಪರಿರುತ್ತೆ, ಒಂಬತ್ತೂವರೆಗೆ ಬರ್ತೀನಿ, ಸಂಜೆ ಅಷ್ಟೇ ಹೊತ್ತು ಜಾಸ್ತಿ ಇರ್ತೀನಿ." ಇಂಥ ಮಾತನ್ನು ಅವನ ಬಾಯಿಂದಲೇ ಬರುವಂತೆ ಮನೆಯಲ್ಲಿ ಎರಡು ಮೂರು ಸಲ ಆಡಿಸಿ ನೋಡಿ. ಚಿಕ್ಕ ಊರಿನ ಚಿಕ್ಕ ಕೆಲಸಗಳಲ್ಲಿ ಹೇಳುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಾಲೀಕರಿಗೆ ಹೇಗಿದ್ದರೂ ಯಾರಿಂದಲೋ ಗೊತ್ತಾಗುತ್ತದೆ. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ನಿಮ್ಮಿಂದ ಕೇಳುವುದು ಮೇಲು. ದೊಡ್ಡ ಕಾರ್ಖಾನೆಯಲ್ಲಿ, ಅದರಲ್ಲೂ ಗುತ್ತಿಗೆಯಲ್ಲಿ, ಕೆಲಸ ಒಂದಿಷ್ಟು ಕಾಲೂರುವವರೆಗೆ ಕಾಯುವವರನ್ನು ನಾನು ತಪ್ಪೆನ್ನುವುದಿಲ್ಲ.

ಪ್ರಮಾಣಪತ್ರ, ಸರ್ಕಾರಿ ಹುದ್ದೆ, ಸ್ವಂತ ಅಂಗಡಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಲ್ಲಿ ಅಂಕ ಕೊಟ್ಟು, ಕಾಯಿಲೆ ಎಷ್ಟು ಕಾಲದ್ದೆಂಬುದನ್ನೂ ಕೂಡಿಸಿ ವೈಕಲ್ಯದ ಪ್ರಮಾಣವನ್ನು ಅಳೆಯುತ್ತಾರೆ. ಒಟ್ಟು 20ರಲ್ಲಿ 7 ಅಥವಾ ಹೆಚ್ಚು ಬಂದರೆ ಶೇ 40 ಎಂದಾಗುತ್ತದೆ, ಅಲ್ಲಿಂದ ಮೇಲೆ ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಹುಡುಗಿಯ ಮದುವೆಗೆ ತೊಡಕಾದೀತೆಂದು ವಿಕಲಚೇತನರ ಕಾರ್ಡು ಮಾಡಿಸದ ಮನೆಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಾರ್ಡು ಮಾಡಿಸುವುದೆಂದರೆ ಅದನ್ನು ಎಲ್ಲರಿಗೂ ತೋರಿಸುವುದೆಂದಲ್ಲ. ಪೆಟ್ಟಿಗೆಯಲ್ಲಿದ್ದರೆ ಬೇಕಾದಾಗ ತೆಗೆಯಬಹುದು. ಪಿಂಚಣಿ ಪಡೆಯುತ್ತಿರುವವರು ಕೆಲಸಕ್ಕೆ ಸೇರುವ ಮುಂಚೆ, ಎಷ್ಟು ಆದಾಯದವರೆಗೆ ಅದು ಮುಂದುವರಿಯುತ್ತದೆಂದು ನಾಡಕಚೇರಿಯಲ್ಲಿ ಕೇಳಿ ತಿಳಿಯಬೇಕು. ಪಿಂಚಣಿ ನಿಂತುಹೋಗುವ ಭಯದಿಂದ ಕೆಲಸವನ್ನೇ ಬೇಡವೆಂದವರು ಹಲವರಿದ್ದಾರೆ.

ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಇರುವ ಕನಿಷ್ಠ ಶೇ 4ರ ಮೀಸಲಾತಿಯಲ್ಲಿ ಶೇ 1 ಭಾಗವನ್ನು ಮಾನಸಿಕ ಕಾಯಿಲೆ ಇರುವವರು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಬಹುವೈಕಲ್ಯ ಇರುವವರೊಡನೆ ಹಂಚಿಕೊಳ್ಳಬೇಕು. ಓದಿದವರು ಅರ್ಜಿ ಹಾಕುತ್ತಿರಲಿ, ಆದರೆ ಅದಕ್ಕಾಗಿಯೇ ವರ್ಷಗಟ್ಟಲೆ ಮನೆಯಲ್ಲಿ ಕೂರುವುದು ಬೇಡ. ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದು ಕಾಯಿಲೆಗೆ ಬಿದ್ದವರ ಮಾತು ಬೇರೆ: ಸೇವೆಯಲ್ಲಿರುವಾಗ ವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಕಾಯ್ದೆಯ 20ನೆಯ ಕಲಂ ಹೇಳುತ್ತದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆಯಿಂದಾದ ನಡವಳಿಕೆಗಾಗಿ ನೌಕರರ ಮೇಲೆ ಶಿಸ್ತುಕ್ರಮ ಹೂಡುವುದು ತಾರತಮ್ಯವೇ ಆಗುತ್ತದೆಂದು ತೀರ್ಪು ಕೊಟ್ಟಿದೆ. ಶಿಕ್ಷಕರು, ಪೊಲೀಸರು, ಸಾರಿಗೆ ನೌಕರರು ರಾಜೀನಾಮೆ ಬರೆದುಕೊಡುವ ಮುಂಚೆ ಇದನ್ನು ತಿಳಿದಿರಬೇಕು.

ಸ್ವಂತ ಅಂಗಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಕಲಚೇತನರಿಗೆ ಆಧಾರ ಯೋಜನೆಯಡಿ ಸಾಲ ಸಹಾಯಧನಗಳಿವೆ. ಆದರೆ ಉದ್ರಿ ವಸೂಲಿ, ಚೌಕಾಸಿ, ಸಾಲದ ಕಂತು ಮೂರನ್ನೂ ಒಬ್ಬರೇ ಹೊರಬೇಕಾದ ಕೆಲಸವಿದು, ಮೂರನೆಯ ತಿಂಗಳಲ್ಲಿ ಜೊತೆಗಿರುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಅಂಗಡಿ ಇದ್ದರೆ ಮಾತ್ರ ಇದು ಸಲೀಸು.

ಉಳಿಸಿಕೊಳ್ಳುವ ಬಗೆ

ನನ್ನ ತಮ್ಮ ಈಗ ಮೂರು ವರ್ಷದಿಂದ ತರಕಾರಿ ಸಸಿಗಳ ನರ್ಸರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ಕೆಲಸ ಹುಡುಕಿಕೊಟ್ಟವರು ನಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯೂ. ಅಕ್ಕ, ಅವರೇ ಅವನನ್ನು ಮೊದಲ ದಿನ ಕರೆದೊಯ್ದು, ಮಾಲೀಕರ ಜೊತೆ ಅವನೇ ಮಾತಾಡುವವರೆಗೆ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. 98 ಗುಳಿಗಳ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಟೊಮೆಟೊ ಬೀಜ ಇಡುವುದು ಅವನ ಪಾಲಿನ ಕೆಲಸ. ಮೊದಮೊದಲು ಎಷ್ಟು ಟ್ರೇ ಆಯಿತೆಂಬ ಲೆಕ್ಕ ತಪ್ಪಿ, ಮುಗಿದ ಟ್ರೇಗಳನ್ನು ಮತ್ತೆ ಮತ್ತೆ ಎಣಿಸುತ್ತಾ ಅರ್ಧ ದಿನ ಕಳೆಯುತ್ತಿದ್ದ. ಮಾಲೀಕರು ಬೈಯಲಿಲ್ಲ. ಒಂದು ಹಿಡಿ ಹುಣಸೆ ಬೀಜ ತಂದು, "ಒಂದು ಟ್ರೇ ಆದ್ರೆ ಒಂದು ಬೀಜ ಈ ಡಬ್ಬಕ್ಕೆ ಹಾಕಪ್ಪಾ, ಸಂಜೆ ಇಬ್ರೂ ಕೂತು ಎಣಿಸೋಣ" ಎಂದರು. ಕಾಯ್ದೆಯ ಭಾಷೆಯಲ್ಲಿ ಇದಕ್ಕೆ ಸಮಂಜಸ ಅನುಕೂಲತೆ ಎನ್ನುತ್ತಾರೆ. ಅದಕ್ಕೆ ತಗುಲಿದ ವೆಚ್ಚ ಒಂದು ಹಿಡಿ ಹುಣಸೆ ಬೀಜ.

ಮೊದಲ ಮೂರು ತಿಂಗಳು ನಾವು ಮಾಡಿದ್ದು ಹೆಚ್ಚೇನಲ್ಲ. ಮೊದಲ ಎರಡು ವಾರ ಅರ್ಧ ದಿನ ಮಾತ್ರ. ಆಮೇಲೆ ಪೂರ್ತಿ ದಿನ, ಆದರೆ ಬೆಳಿಗ್ಗೆ ಹತ್ತಕ್ಕೆ ಶುರು. ವಾರಕ್ಕೊಮ್ಮೆ ಅಕ್ಕ ಮಾಲೀಕರಿಗೆ ಫೋನು ಮಾಡುತ್ತಿದ್ದರು, ನಾನು ಮಾಡುತ್ತಿರಲಿಲ್ಲ; ಮನೆಯವರು ದಿನವೂ ಕೇಳಿದರೆ ಅವನಿಗೆ ಅವಮಾನ. ಮಾತ್ರೆಯ ಹೊತ್ತನ್ನು ವೈದ್ಯರು ರಾತ್ರಿ ಎಂಟಕ್ಕೆ ಹಿಂದೆ ತಂದರು, ಬೆಳಗಿನ ಮಂಪರು ಕಡಿಮೆಯಾಯಿತು. ಅವನಿಗೆ ಕಾಯಿಲೆ ಏರುವ ಮುಂಚಿನ ಗುರುತುಗಳೇನೆಂದು ಅವನನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆದೆವು: ಎರಡು ರಾತ್ರಿ ಸತತ ನಿದ್ದೆ ಬಾರದಿರುವುದು, ಊಟಕ್ಕೆ ಎಲ್ಲರ ಜೊತೆ ಕೂರದಿರುವುದು, ರೇಡಿಯೋವನ್ನು ಗೋಡೆಯ ಕಡೆ ತಿರುಗಿಸಿಡುವುದು. ಹಾಳೆಯ ಕೆಳಗೆ ಮೂರು ದೂರವಾಣಿ ಸಂಖ್ಯೆಗಳಿವೆ, ಅವುಗಳಲ್ಲೊಂದು ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುವವರು ಸಿಗುವ ಸರ್ಕಾರದ ಟೆಲಿಮನಸ್ ಸಂಖ್ಯೆ, 14416.

ಹೋದ ವರ್ಷ ಮಳೆಗಾಲದಲ್ಲಿ ಅವನು ರೇಡಿಯೋ ತಿರುಗಿಸಿಟ್ಟ. ಮರುದಿನವೇ ಆಸ್ಪತ್ರೆಗೆ ಹೋದೆವು, ಔಷಧದ ಪ್ರಮಾಣ ಹೆಚ್ಚಿತು, ಇಪ್ಪತ್ತೆರಡು ದಿನ ಕೆಲಸ ತಪ್ಪಿತು. ಕೆಲಸಕ್ಕೆ ಸೇರುವಾಗಲೇ ಇಂಥ ದಿನಗಳ ಬಗ್ಗೆ ಮಾಲೀಕರೊಡನೆ ಮಾತಾಗಿತ್ತು: ಒಂದು ತಿಂಗಳವರೆಗೆ ಜಾಗ ಉಳಿಸುವುದು, ಆ ದಿನಗಳಿಗೆ ಸಂಬಳವಿಲ್ಲ, ಮರಳಿದಾಗ ಮತ್ತೆ ಅರ್ಧ ದಿನದಿಂದ ಶುರು. ನೀವು ಯಾವ ದಾರಿ ಆರಿಸಿಕೊಂಡರೂ ಈ ಮಾತನ್ನು ಮೊದಲ ದಿನವೇ ಆಡಿ, ಕಾಯಿಲೆ ಏರಿದ ದಿನ ಆಡಲು ಆಗುವುದಿಲ್ಲ. ಇಪ್ಪತ್ಮೂರನೆಯ ದಿನ ಹತ್ತಕ್ಕೆ ಅವನು ನರ್ಸರಿಗೆ ಹೋದಾಗ ಡಬ್ಬ ಅದೇ ಜಾಗದಲ್ಲಿತ್ತು. ಅಂದು ಮಧ್ಯಾಹ್ನದೊಳಗೆ ಅದಕ್ಕೆ ಒಂಬತ್ತು ಬೀಜ ಬಿದ್ದವು.